ಒಣಗಿದ ಕೆರೆಯಲ್ಲಿ ಈಜು ಕಲಿತವಳು

ಮಾರೇನಹಳ್ಳಿಯ ಅಕ್ಕಯಮ್ಮನಿಗೆ ತಲೆ ಕೆಟ್ಟಿದೆ ಎಂದು ಮೊದಲು ಹೇಳಿದವರು ಪುಟ್ಟೇನಹಳ್ಳಿ ಕೆರೆಯಲ್ಲಿ ದನ ಮೇಯಿಸುವವರು. ಐವತ್ತಾರನೇ ಇಸವಿಯ ಬೇಸಿಗೆ. ಕೆರೆ ಬತ್ತಿ ನೆಲ ಬಿರುಕು ಬಿಟ್ಟಿತ್ತು. ಐವತ್ತು ದಾಟಿದ ಹೆಂಗಸೊಬ್ಬಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೈಯಲ್ಲಿ ಕೋಲು ಹಿಡಿದು, ಕೆರೆಯ ಈ ತುದಿಯಿಂದ ಆ ತುದಿಗೆ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದಳು. ಗುಂಡಿ ಸಿಕ್ಕಿದರೆ ನಿಂತು ಕೋಲು ಇಳಿಬಿಟ್ಟು ಆಳ ನೋಡುತ್ತಿದ್ದಳು. ಮರದ ಬುಡ ಸಿಕ್ಕಿದರೆ ಅದನ್ನು ಒದ್ದು ಗಟ್ಟಿ ಇದೆಯೋ ಇಲ್ಲವೋ ಪರೀಕ್ಷೆ ಮಾಡುತ್ತಿದ್ದಳು.

"ಏನ್ ಕಳ್ಕೊಂಡ್ಯಮ್ಮ?" ಎಂದು ಒಬ್ಬ ಕೇಳಿದ.

"ಏನೂ ಇಲ್ಲ ಕಣಪ್ಪ. ಈಜೋಕೆ ಬಂದಿದೀನಿ" ಎಂದಳು.

ಕೆರೆಯಲ್ಲಿ ಆಗ ಒಂದು ಚೊಂಬು ನೀರೂ ಇರಲಿಲ್ಲ. ಇಂಥ ಮಾತು ಊರು ತಲುಪಲು ಎಷ್ಟು ಹೊತ್ತು ಬೇಕು? ದನಗಳು ಕೊಟ್ಟಿಗೆಗೆ ಬರುವ ಮುಂಚೆಯೇ ಅದು ಮಾರೇನಹಳ್ಳಿಗೆ ಬಂದಿತ್ತು. ಒಣಗಿದ ಕೆರೆಯಲ್ಲಿ ಈಜುವ ಅಕ್ಕಯಮ್ಮ ಎಂದು ಜನ ಆಡಿಕೊಂಡು ನಕ್ಕರು. ಊರ ಬಾಯಿಗೆ ಬೀಗ ಹಾಕುವವರು ಯಾರು. ಅಕ್ಕಯಮ್ಮ ಹಾಕಲು ಹೋಗಲೂ ಇಲ್ಲ. ಮಳೆ ಬಂದು ಕೆರೆ ತುಂಬಿದ ಮೇಲೆ ಒಂದು ಬೆಳಿಗ್ಗೆ ಕಚ್ಚೆ ಹಾಕಿ ನೀರಿಗಿಳಿದು, ಆ ದಡ ಮುಟ್ಟಿ, ತಿರುಗಿ ಬಂದು, ಒದ್ದೆ ಸೀರೆಯಲ್ಲೇ ಮನೆಗೆ ಬಂದು ಹಾಲು ಕರೆದಳು. ನಕ್ಕವರೆಲ್ಲ ಆ ದಿನ ಬೇರೆ ಮಾತು ಹುಡುಕಿಕೊಂಡರು.

ಅವಳು ಹುಟ್ಟಿದ್ದು ಬೇಗೂರಿನಲ್ಲಿ, ನೀರುಗಂಟಿಯ ಮನೆಯಲ್ಲಿ. ಕೆರೆಯ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ನೀರುಗಂಟಿಯ ಕೆಲಸ. ಕೆರೆ ತುಂಬಿ ಕೋಡಿ ಹರಿದ ವರ್ಷ ಅವನಿಗೆ ಇನ್ನೊಂದು ಕೆಲಸವಿತ್ತು. ಅಕ್ಕಿಹಿಟ್ಟು, ಬೆಲ್ಲ ಕಲಸಿ ಮಾಡಿದ ತಂಬಿಟ್ಟಿನ ದೀಪವನ್ನು ತಲೆಯ ಮೇಲಿಟ್ಟುಕೊಂಡು, ದೀಪ ಆರದ ಹಾಗೆ ಈಜಿ, ನೀರಿನ ನಡುವೆ ನಿಂತಿರುವ ತೂಬಿನ ಕಲ್ಲಿನ ಮೇಲೆ ಗಂಗಮ್ಮನಿಗೆ ಇಟ್ಟು ಬರಬೇಕು. ಅಕ್ಕಯಮ್ಮನ ಅಪ್ಪ ಮೂವತ್ತು ವರ್ಷ ಅದನ್ನು ಮಾಡಿದವನು. ಆರು ವರ್ಷದ ಮಗಳ ಬೆನ್ನಿಗೆ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳಿದವನೂ ಅವನೇ. ಹತ್ತು ವರ್ಷಕ್ಕೆ ಬುರುಡೆ ಬಿಟ್ಟು ಅವಳು ಅಪ್ಪನ ಪಕ್ಕದಲ್ಲಿ ಈಜಿ ಹೋಗಿ ದೀಪ ಇಡುವುದನ್ನು ನೋಡಿ ಬರುತ್ತಿದ್ದಳು. ಅಪ್ಪ ಹೇಳಿಕೊಟ್ಟದ್ದು ಒಂದೇ ಮಾತು. "ನೀರಲ್ಲಿರೋವಾಗ ಕಾಲು ನೆಲ ಕೇಳ್ತದೆ. ಕೇಳೋಕೆ ಬಿಡಬ್ಯಾಡ. ಕೇಳಿದೋರೇ ಮುಳುಗೋದು."

ಹದಿನಾಲ್ಕಕ್ಕೆ ಮಾರೇನಹಳ್ಳಿಯ ಚಿಕ್ಕಬೈರಪ್ಪನ ಜೊತೆ ಮದುವೆಯಾಯಿತು. ಚಿಕ್ಕಬೈರಪ್ಪ ಒಳ್ಳೆಯವನು, ಮೃದು ಮಾತಿನವನು, ಆದರೆ ನೀರೆಂದರೆ ಕೈಕಾಲು ನಡುಗುವವನು. ಸಣ್ಣವನಿದ್ದಾಗ ಅಣ್ಣನೊಬ್ಬ ಕಲ್ಯಾಣಿಯಲ್ಲಿ ಕಣ್ಣೆದುರಿಗೇ ಮುಳುಗಿ ಹೋಗಿದ್ದನಂತೆ. ಮದುವೆಯಾದಂದಿನಿಂದ ಅವನು ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವನಲ್ಲ. ಅಕ್ಕಯಮ್ಮನ ಅಪ್ಪ ತೀರಿಕೊಂಡಾಗ ಗಂಡು ಮಕ್ಕಳಿರಲಿಲ್ಲವಾದ್ದರಿಂದ ನೀರುಗಂಟಿಕೆ ಚಿಕ್ಕಪ್ಪನ ಮಗ ಬೋರಣ್ಣನಿಗೆ ಹೋಯಿತು. ಬೋರಣ್ಣನಿಗೆ ಈಜು ಬರುತ್ತಿತ್ತು, ಧೈರ್ಯ ಬರುತ್ತಿರಲಿಲ್ಲ. ಅವನು ದೀಪವನ್ನು ತೆಪ್ಪದಲ್ಲಿ ಇಟ್ಟುಕೊಂಡು ಹೋಗಿ ಇಟ್ಟು ಬರತೊಡಗಿದ. ಊರವರು ಒಪ್ಪಿಕೊಂಡರು. ಅಕ್ಕಯಮ್ಮ ಮಾತ್ರ ಒಪ್ಪಲಿಲ್ಲ.

ಆದರೂ ಅವಳಿಗೊಂದು ಬಾವಿ ಇತ್ತು, ಗಂಡನ ಹೊಲದಲ್ಲಿ, ಮೆಟ್ಟಿಲಿದ್ದ ದೊಡ್ಡ ಬಾವಿ. ಮೂವತ್ತಾರು ವರ್ಷ, ರಾಗಿ ಕಳೆ ಕಿತ್ತ ಮೇಲೆ, ಹೊತ್ತು ಇಳಿಯುವಾಗ, ಅವಳು ಅದರಲ್ಲಿ ಸುತ್ತು ಹಾಕುತ್ತಿದ್ದಳು. ಹೊಲದ ಹೆಂಗಸು ಮೈ ತೊಳೆದುಕೊಳ್ಳುತ್ತಾಳೆ ಎಂದು ಜನ ಅಂದುಕೊಂಡರು. ಐವತ್ತನಾಲ್ಕರಲ್ಲಿ ಜಯನಗರದ ಬಡಾವಣೆ ಅವರ ಹೊಲಕ್ಕೂ ಬಂತು. ಹೊಲ ಅಳೆದರು, ಕಲ್ಲು ನೆಟ್ಟರು, ಲಾರಿ ಲಾರಿ ಕಲ್ಲುಮಣ್ಣು ತಂದು ಬಾವಿಗೆ ಸುರಿದರು. ನೀರು ಮೊದಮೊದಲು ಮೇಲೆ ಉಕ್ಕಿ ಬಂತು, ಆಮೇಲೆ ಕಾಣಿಸಲಿಲ್ಲ. ಅಂದು ಅವಳು ಊಟ ಮಾಡಲಿಲ್ಲ. ಎರಡು ವರ್ಷದಲ್ಲಿ ಅಲ್ಲಿ ಹೂವಿನ ಕುಂಡಗಳಿದ್ದ ಒಂದು ಮನೆ ಎದ್ದಿತು, ಮತ್ತು ಆ ಮನೆಗೆ ಹಾಲು ಹಾಕುವ ಸರದಿ ಅಕ್ಕಯಮ್ಮನದೇ ಆಯಿತು. ಪ್ರತಿ ಬೆಳಿಗ್ಗೆ ಅವಳು ತನ್ನ ಬಾವಿಯ ಮೇಲೆ ನಿಂತು ಅವರ ಪಾತ್ರೆಗೆ ಹಾಲು ಹೊಯ್ಯುತ್ತಿದ್ದಳು.

ಕೆರೆಗಳಿಗೆ ಹೋಗಲು ಶುರು ಮಾಡಿದ್ದು ಅದಾದ ಮೇಲೆ. ಬಾವಿಯಾದರೆ ಕಣ್ಣು ಮುಚ್ಚಿಕೊಂಡು ಈಜುವಷ್ಟು ಪರಿಚಯ. ಬೇರೆ ಕೆರೆಯ ಒಳಗೇನಿದೆಯೋ ಯಾರಿಗೆ ಗೊತ್ತು? ಅದಕ್ಕೇ ಅವಳು ಬೇಸಿಗೆಯಲ್ಲಿ ಕೆರೆ ನಡೆಯುವ ಪದ್ಧತಿ ಮಾಡಿಕೊಂಡಳು. ಎಲ್ಲಿ ಗುಂಡಿ, ಎಲ್ಲಿ ಮುಳ್ಳುಕಂಟಿ, ಎಲ್ಲಿ ಹಳೇ ಬಾವಿ, ಎಲ್ಲಿ ದಣಿವಾದರೆ ಕಾಲು ಊರಬಹುದು, ಎಲ್ಲವನ್ನೂ ಹೆಜ್ಜೆಯ ಎಣಿಕೆಯಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಮಳೆಗಾಲದಲ್ಲಿ ಆ ನೆಲದ ಮೇಲೇ ಈಜುತ್ತಿದ್ದಳು. ಅಪ್ಪನಿಗೆ ಈ ವಿಷಯ ತಿಳಿದಿದ್ದರೆ ಬೈಯುತ್ತಿದ್ದನೋ ಏನೋ. ಅವನು ನೆಲ ಕೇಳಬೇಡ ಎಂದಿದ್ದ, ಮಗಳು ನೆಲವನ್ನು ಅಂಗುಲ ಅಂಗುಲ ಕೇಳಿಕೊಂಡೇ ನೀರಿಗಿಳಿಯುತ್ತಿದ್ದಳು.

ಪುಟ್ಟೇನಹಳ್ಳಿಯದು ಸಣ್ಣ ಕೆರೆ. ಐವತ್ತೊಂಬತ್ತರಲ್ಲಿ ಮಡಿವಾಳದ ದೊಡ್ಡ ಕೆರೆಗೆ ಇಳಿದಳು. ಅರ್ಧ ದಾರಿಯಲ್ಲಿ ತಾವರೆಯ ದಂಟು ಕಾಲಿಗೆ ಸುತ್ತಿಕೊಂಡಿತು. ಒದ್ದಷ್ಟೂ ಬಿಗಿಯಿತು. ಎರಡು ಸಲ ಮುಳುಗಿ ಎದ್ದಳು, ಮೂರನೇ ಸಲ ಮುಳುಗಿದಾಗ ತಾನಾಗಿಯೇ ಬಗ್ಗಿ, ಕಣ್ಣು ಕಾಣದ ಕೆಸರು ನೀರಲ್ಲಿ ಒಂದೊಂದೇ ದಂಟು ಬಿಡಿಸಿಕೊಂಡು ಬಂದಳು. ಮನೆಗೆ ಬಂದು ಎಂಟು ದಿನ ಜ್ವರದಲ್ಲಿ ಮಲಗಿದಳು. ಸೊಸೆ ಗೌರಮ್ಮ, "ಅತ್ತೆ, ಹಾಲು ಹಾಕೋ ಮನೆಗಳಲ್ಲಿ ನಿಮ್ಮತ್ತೆ ಸಾಯೋಕೆ ಹೋಗಿದ್ರಂತೆ ಅಂತ ಕೇಳ್ತಾರೆ. ನನಗೆ ತಲೆ ಎತ್ಕೊಂಡು ಓಡಾಡೋಕೆ ಆಗಲ್ಲ. ಇನ್ನೊಂದು ಸಲ ಇಳಿದ್ರೆ ನಾನು ಅಡಿಗೆ ಮಾಡಲ್ಲ" ಎಂದಳು. ಅಕ್ಕಯಮ್ಮ ಜ್ವರ ಬಿಟ್ಟ ಮೇಲೆ ತಾನೇ ಮುದ್ದೆ ತೊಳಸಿ, ಎರಡು ತಿಂದು, ಮತ್ತೆ ಮಡಿವಾಳಕ್ಕೆ ಹೋಗಿ ಆ ಕೆರೆಯನ್ನು ಮುಗಿಸಿ ಬಂದಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಚಿಕ್ಕಬೈರಪ್ಪ ಬೈಯಲಿಲ್ಲ, ಬೇಡವೆನ್ನಲೂ ಇಲ್ಲ. ಒಣ ಸೀರೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಏರಿಯ ಮೇಲೆ ಕೂರುತ್ತಿದ್ದ. ಅವಳು ದಡ ಸೇರುವ ತನಕ ನೀರಿನ ಕಡೆ ನೋಡುತ್ತಿರಲಿಲ್ಲ.

ಅವಳ ಮನಸ್ಸೆಲ್ಲ ಇದ್ದದ್ದು ಬೇಗೂರಿನಲ್ಲಿ. ಅರವತ್ತೆರಡರ ಯುಗಾದಿ ಕಳೆದ ವಾರ ತವರಿಗೆ ಹೋಗಿ, ಪಟೇಲ ಗಂಗಾಧರಯ್ಯನ ಜಗಲಿಯ ಮುಂದೆ ನಿಂತು ಕೇಳಿಯೇಬಿಟ್ಟಳು. ಅವಳಿಗಾಗ ಐವತ್ತೆಂಟು.

"ಪಟೇಲ್ರೆ, ಈ ವರ್ಷ ಕೋಡಿ ಬಿದ್ರೆ ದೀಪ ನಾನು ತಗೊಂಡ್ಹೋಗ್ತೀನಿ. ಈಜ್ಕೊಂಡು. ಗಂಗಮ್ಮನಿಗೆ ತೆಪ್ಪದಲ್ಲಿ ದೀಪ ಕಳ್ಸೋದು ದೇವಸ್ಥಾನಕ್ಕೆ ಚಪ್ಲಿ ಹಾಕ್ಕೊಂಡು ಹೋದಂಗೆ."

ಪಕ್ಕದಲ್ಲಿ ಕೂತಿದ್ದ ಬೋರಣ್ಣ ತಲೆ ತಗ್ಗಿಸಿದ. ಗಂಗಾಧರಯ್ಯ ಕೆಟ್ಟವನೇನಲ್ಲ. ಊರ ಹಬ್ಬದ ದಿನ ಹೆಣ್ಣುಮಗಳೊಬ್ಬಳು ಕೆರೆಯಲ್ಲಿ ಸತ್ತರೆ ಆ ಪಾಪ ಯಾರ ತಲೆಗೆ ಎಂಬುದು ಅವನ ಚಿಂತೆ. "ಊರು ಹೋಗು, ಕಾಡು ಬಾ ಅನ್ನೋ ವಯಸ್ಸಲ್ಲಿ ನಿನಗೆ ಕೆರೆ ಯಾಕಮ್ಮ?" ಎಂದ.

"ಕಾಡು ಕರೆಯೋ ತನಕ ಕೆರೆ ಕರೀತದೆ. ಹೋಗ್ತೀನಿ."

"ಅದು ನೀರುಗಂಟಿ ಕೆಲ್ಸ. ಗಂಡಸರದ್ದು."

"ಗಂಡಸ್ರು ತೆಪ್ಪದಲ್ಲಿ ಕೂತವ್ರಲ್ಲ."

ಜಗಲಿಯಲ್ಲಿದ್ದವರು ನಕ್ಕರು. ಪಟೇಲನಿಗೆ ಮುಖ ಕೆಂಪಾಯಿತು. ಹಾಗಾದರೆ ಪಂದ್ಯವೇ ಆಗಲಿ ಎಂದ. ಅವಳಪ್ಪ ಪ್ರಾಯದಲ್ಲಿ ಏರಿಯಿಂದ ಹಿನ್ನೀರಿನ ತುದಿಗೆ ಎರಡು ಸಲ ಹೋಗಿ ಬಂದಿದ್ದನಂತೆ, ಒಟ್ಟು ಮೂರು ಮೈಲಿ. ಅಷ್ಟನ್ನು ಅವಳೂ ಮಾಡಬೇಕು. ಕೆರೆಯ ನಟ್ಟನಡುವೆ ಎಮ್ಮೆದಿಬ್ಬವಿದೆ, ಕೆರೆ ತುಂಬಿದರೂ ಅದರ ಮೇಲೆ ಎದೆಮಟ್ಟದ ನೀರು. ಅಪ್ಪನೂ ಅಲ್ಲಿ ನಿಂತು ಸುಧಾರಿಸಿಕೊಂಡಿದ್ದರಿಂದ ಅವಳೂ ನಿಲ್ಲಬಹುದು. ಬೋರಣ್ಣ ತೆಪ್ಪದಲ್ಲಿ ಜೊತೆಗೆ ಬರುತ್ತಾನೆ.

"ತೆಪ್ಪ ಮುಟ್ಟಿದ್ರೆ ಮುಗೀತು," ಎಂದ ಪಟೇಲ. "ದೀಪದ ಮಾತು ಬಿಡು, ಈ ಜನ್ಮದಲ್ಲಿ ಇನ್ಯಾವ ಕೆರೆಗೂ ಕಾಲಿಡಕೂಡ್ದು. ನಮ್ಮೂರದ್ದಾಗ್ಲಿ, ಇನ್ನೊಂದೂರದ್ದಾಗ್ಲಿ."

"ಗಂಗಮ್ಮನಾಣೆ" ಎಂದಳು ಅಕ್ಕಯಮ್ಮ. ಹೊಲವಿಲ್ಲ, ಬಾವಿಯಿಲ್ಲ, ಇನ್ನು ಉಳಿದಿದ್ದ ನೀರನ್ನೂ ಅವಳು ಒಂದು ಮಾತಿಗೆ ಒತ್ತೆ ಇಟ್ಟಿದ್ದಳು.

ವೈಶಾಖದಲ್ಲಿ ಬೇಗೂರು ಕೆರೆ ಬತ್ತಿದಾಗ ಹದಿನೈದು ದಿನ ಅದರೊಳಗೆ ನಡೆದಳು. ಎಮ್ಮೆದಿಬ್ಬದ ಮೇಲೆ ನಿಂತು ನೋಡಿದರೆ ಏರಿಯ ಅರಳಿಮರವೂ ನಾಗೇಶ್ವರನ ಗುಡಿಯ ತುದಿಯೂ ಒಂದೇ ಗೆರೆಗೆ ಬರುತ್ತಿದ್ದವು. ದಿಬ್ಬದಿಂದ ತೂಬಿನ ಪಕ್ಕದ ಮೆಟ್ಟಿಲಿಗೆ ಒಂಬೈನೂರು ಹೆಜ್ಜೆ. ಅದನ್ನು ಬಾಯಿಪಾಠ ಮಾಡಿಕೊಂಡು, ಕೋಲನ್ನು ತವರುಮನೆಯ ಸೂರಿಗೆ ಸಿಕ್ಕಿಸಿ, ಮಾರೇನಹಳ್ಳಿಗೆ ಹೋದಳು. ಆಮೇಲೆ ಕೆರೆಯಂಗಳದಲ್ಲಿ ಏನಾಯಿತೆಂದು ನೋಡಲು ಅವಳು ಬರಲಿಲ್ಲ. ಎಂದೂ ಬಂದವಳಲ್ಲ. ಕೆರೆಯ ನೆಲ ಎಲ್ಲಿಗೆ ಹೋದೀತು ಎಂಬುದು ಅವಳ ಎಣಿಕೆ.

ಭಾದ್ರಪದದಲ್ಲಿ ಮೂರು ದಿನ ಹಗಲೂ ರಾತ್ರಿ ಮಳೆ ಹುಯ್ದು ಕೋಡಿ ಬಿತ್ತು. ನಾಲ್ಕನೇ ಬೆಳಿಗ್ಗೆ ಬಿಸಿಲು ಹತ್ತುವ ಹೊತ್ತಿಗೆ ಬೇಗೂರೆಲ್ಲ ಏರಿಯ ಮೇಲಿತ್ತು. ಮೆಟ್ಟಿಲ ಬಳಿ ಹೊಸ ಮೊರದಲ್ಲಿ ತಂಬಿಟ್ಟಿನ ದೀಪ ಹಚ್ಚಿಟ್ಟು, ಗಾಳಿಗೆ ಆರದಂತೆ ಮರೆ ಕಟ್ಟಿದ್ದರು. ಚಿಕ್ಕಬೈರಪ್ಪ ಒಣ ಸೀರೆ ಹಿಡಿದುಕೊಂಡು ಅರಳಿಮರದ ಬುಡದಲ್ಲಿ ಕೂತ. ಅಕ್ಕಯಮ್ಮ ಕಚ್ಚೆ ಬಿಗಿದು, ನೀರನ್ನು ಕಣ್ಣಿಗೊತ್ತಿಕೊಂಡು ಇಳಿದಳು. ನೀರು ಕೆಂಪಗೆ, ತಣ್ಣಗೆ ಇತ್ತು.

ಮೊದಲ ಸುತ್ತು ಸಲೀಸಾಗಿ ಹೋಯಿತು. ದಿಬ್ಬದ ಗೆರೆಗೆ ಎರಡು ಸಲ ಬಂದಾಗಲೂ ಅವಳು ನಿಲ್ಲಲಿಲ್ಲ. ಬೇಕಾದಾಗ ಇದೆಯಲ್ಲ, ಕೊನೆಗೆ ಇರಲಿ ಎಂದು ಮುಂದೆ ಹೋದಳು. ಹದಿನೈದು ಮಾರು ದೂರದಲ್ಲಿ ಬೋರಣ್ಣನ ತೆಪ್ಪ ಬರುತ್ತಿತ್ತು. ಅವನು ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಎರಡನೇ ಸುತ್ತಿನಲ್ಲಿ ಗಾಳಿ ಎದ್ದಿತು. ಹಿನ್ನೀರಿನ ತುದಿ ಮುಟ್ಟಿ ತಿರುಗಿದಾಗ ಅಲೆ ಎದುರಿಗೆ ಬಂದು ಮುಖಕ್ಕೆ ಹೊಡೆಯತೊಡಗಿತು. ಹೆಗಲು ಕಲ್ಲಾಯಿತು. ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಒದ್ದೆ ಕಚ್ಚೆ ನೊಗದಷ್ಟು ಭಾರವಾಯಿತು. ಅರಳಿಮರ, ಗುಡಿಯ ತುದಿ, ಎರಡೂ ಹತ್ತಿರ ಹತ್ತಿರ ಬಂದು ಒಂದೇ ಗೆರೆಗೆ ಸೇರಿದಾಗ ಅಕ್ಕಯಮ್ಮ ಉಸಿರು ಬಿಟ್ಟು, ಕೈ ನಿಲ್ಲಿಸಿ, ಕಾಲು ಇಳಿಬಿಟ್ಟಳು.

ನೆಲ ಸಿಗಲಿಲ್ಲ. ಇನ್ನೂ ಇಳಿದಳು. ನೀರು ತಲೆಯ ಮೇಲೆ ಮುಚ್ಚಿಕೊಂಡಿತು, ಕಾಲಿಗೆ ತಣ್ಣನೆಯ ಆಳವಲ್ಲದೆ ಬೇರೇನೂ ತಾಗಲಿಲ್ಲ. ನೀರು ಕುಡಿದು, ಕೆಮ್ಮುತ್ತ, ಕೈ ಬಡಿಯುತ್ತ ಮೇಲೆ ಬಂದಳು. ಗೆರೆ ತಪ್ಪಿರಲಿಲ್ಲ. ಮತ್ತೊಮ್ಮೆ ಕಾಲು ಬಿಟ್ಟಳು. ಮತ್ತೊಮ್ಮೆ ಮುಳುಗಿದಳು. ತನ್ನ ಜನ್ಮದಲ್ಲಿ ಅವಳು ನೀರಿಗೆ ಹೆದರಿದ್ದು ಅದೇ ಮೊದಲು.

"ಅಕ್ಕ," ಎಂದ ಬೋರಣ್ಣ. ತೆಪ್ಪ ಅವಳ ಪಕ್ಕಕ್ಕೆ ಬಂದಿತ್ತು. "ದಿಬ್ಬ ಇಲ್ಲ ಅಕ್ಕ."

"ಇಲ್ಲ ಅಂದ್ರೆ?"

"ನೀನು ನಡ್ಕೊಂಡು ಹೋದ ಮೇಲೆ ಇಟ್ಟಿಗೆ ಗೂಡಿನೋರು ಬಂದ್ರು. ಒಳ್ಳೆ ಮಣ್ಣು, ಜಯನಗರದ ಮನೆಗಳಿಗೆ ಅಂದ್ರು. ಗಾಡಿ ಮೇಲೆ ಗಾಡಿ ತುಂಬ್ಕೊಂಡು ಹೋದ್ರು. ಕೆರೆ ನೋಡ್ಕೊಳ್ಳೋನು ನಾನು, ಬ್ಯಾಡ ಅನ್ಲಿಲ್ಲ. ಹಿನ್ನೀರ ಕಡೆಯಿಂದ ಬಂದು ಹೋದ್ರು, ಊರೋರು ಯಾರೂ ಅಷ್ಟಾಗಿ ನೋಡ್ಲಿಲ್ಲ. ನಿನಗೆ ಹೇಳಿದ್ರೆ ನೊಂದ್ಕೋತೀಯ ಅಂತ..." ಅವನು ಹುಟ್ಟು ಕೆಳಗಿಟ್ಟ. "ಸುಳ್ಳು ಅಕ್ಕ. ಹೇಳ್ದಿದ್ರೆ ನೀನು ಸೋತುಬಿಡ್ತೀಯ ಅಂತ ಹೇಳ್ಲಿಲ್ಲ."

ಅಕ್ಕಯಮ್ಮ ಬಾಯಿಯ ನೀರು ಉಗಿದು, ಉಸಿರಿಗಾಗಿ ತಲೆ ಎತ್ತಿದಳು.

"ತೆಪ್ಪ ಹಿಡ್ಕೊ. ಇಷ್ಟು ದೂರಕ್ಕೆ ಏರಿಯೋರಿಗೆ ಕೈ ಕಾಣ್ಸಲ್ಲ. ಒಂದು ಗಳಿಗೆ ಹಿಡ್ಕೊಂಡು ಸುಧಾರಿಸ್ಕೊ. ನನ್ ಮಕ್ಕಳಾಣೆ, ಯಾರಿಗೂ ಹೇಳಲ್ಲ."

ತೆಪ್ಪದ ಅಂಚು ಒಂದು ಮೊಳ ದೂರದಲ್ಲಿತ್ತು. ಅವಳ ಕೈ ತಾನಾಗಿಯೇ ನೀರಿನಿಂದ ಮೇಲೆದ್ದಿತು. ಎದ್ದ ಕೈಯನ್ನು ಅವಳು ನೋಡಿದಳು. ಮೈಯೆಲ್ಲ ಸಿಟ್ಟು ಹತ್ತಿಕೊಂಡಿತು, ಬೋರಣ್ಣನ ಮೇಲೆ, ಇಟ್ಟಿಗೆಯವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಆ ಬಡಾವಣೆ ಮೊದಲು ಹೊಲ ತಿಂದಿತು, ಆಮೇಲೆ ಬಾವಿ ತಿಂದಿತು, ಈಗ ಕೆರೆಯ ಹೊಟ್ಟೆಗೂ ಕೈ ಹಾಕಿ ಅವಳ ಕಾಲಡಿಯದನ್ನು ಎತ್ತಿಕೊಂಡು ಹೋಗಿತ್ತು. ಅಷ್ಟು ಕಂಡ ಮೇಲೂ ಅವಳು ನೆಲವನ್ನು ನಂಬಿದ್ದಳು. ಅಪ್ಪ ಒಂದೇ ಒಂದು ಮಾತು ಹೇಳಿಕೊಟ್ಟಿದ್ದ, ಅದನ್ನೇ ಅವಳು ಮರೆತಿದ್ದಳು.

"ಲೋ ಬೋರ," ಎಂದಳು. "ದೂರ ಹೋಗು."

"ಅಕ್ಕ, ಸತ್ತೋಗ್ತೀಯ."

"ಹತ್ರ ಇದ್ರೆ ಹಿಡ್ಕೊಂಡ್ಬಿಡ್ತೀನಿ ಕಣೋ. ಅದಕ್ಕೇ ಹೇಳ್ತಿದೀನಿ. ದೂರ ಹೋಗು."

ಬೋರಣ್ಣ ಅಳುತ್ತ ಹುಟ್ಟು ಹಾಕಿದ. ತೆಪ್ಪ ಹಿಂದಕ್ಕೆ ಸರಿಯಿತು. ಅಕ್ಕಯಮ್ಮ ಅಂಗಾತ ಮಲಗಿ, ಕಿವಿ ಮುಳುಗುವ ತನಕ ತಲೆ ಹಿಂದಕ್ಕೆ ಚೆಲ್ಲಿ, ಆಕಾಶ ನೋಡಿದಳು. ಅಲೆ ಮುಖದ ಮೇಲೆ ಹಾದುಹೋದಾಗ ಉಸಿರು ಕಟ್ಟಿದಳು, ಇಳಿದಾಗ ಬಿಟ್ಟಳು. ಮೀನಖಂಡವನ್ನು ಕೈಯಿಂದ ತಿಕ್ಕಿದಳು. ಎಷ್ಟು ಹೊತ್ತು ಹಾಗಿದ್ದಳೋ ಅವಳಿಗೆ ತಿಳಿಯದು. ಆಮೇಲೆ ಬೋರಲಾಗಿ ಒಂದು ಎಂದಳು. ಎರಡು ಎಂದಳು. ದಿಬ್ಬ ಹೋಗಿದ್ದರೂ ದೂರ ಹೋಗಿರಲಿಲ್ಲ. ದಡಕ್ಕೆ ಒಂಬೈನೂರು ಹೆಜ್ಜೆ ಎಂದು ಅವಳ ಕಾಲಿಗೆ ಗೊತ್ತಿತ್ತು, ಅದನ್ನು ಯಾವ ಗಾಡಿಯಲ್ಲೂ ಹೇರಿಕೊಂಡು ಹೋಗುವ ಹಾಗಿರಲಿಲ್ಲ. ಒಂದೊಂದು ಕೈಗೂ ಒಂದೊಂದು ಹೆಜ್ಜೆ ಎಣಿಸಿದಳು. ಮುನ್ನೂರಕ್ಕೆ ವಾಂತಿಯಾಯಿತು. ಐನೂರಕ್ಕೆ ಏರಿಯ ಮೇಲಿನ ಸೀರೆಗಳ ಬಣ್ಣ ಕಂಡಿತು. ಏಳುನೂರರ ಮೇಲೆ ಎಣಿಕೆ ತಪ್ಪಿತು. ತಪ್ಪಿದರೂ ನಿಲ್ಲಿಸದೆ ಬಾಯಿಗೆ ಬಂದ ಎಣಿಕೆ ಹೇಳುತ್ತ ಬಂದಳು.

ಮೆಟ್ಟಿಲು ಕೈಗೆ ತಾಗಿದಾಗ ಬಿಸಿಲು ನೆತ್ತಿಗೇರಿತ್ತು. ಏರಿಯ ಮೇಲೆ ಹೋ ಎಂಬ ಸದ್ದೆದ್ದಿತು. ಅವಳು ಮೆಟ್ಟಿಲಿಗೆ ಗಲ್ಲ ಊರಿ, ಮೈಯನ್ನು ನೀರಲ್ಲೇ ಬಿಟ್ಟು ಉಸಿರೆಳೆದುಕೊಳ್ಳುತ್ತಿದ್ದಳು. ಗಂಗಾಧರಯ್ಯ ಕೆಳಗಿಳಿದು ಬಂದ. ಅವನಿಗೂ ಸಂತೋಷವಾಗಿತ್ತು, ಆದರೆ ಪಟೇಲನಾದವನು ಅದನ್ನು ಒಂದೇ ಸಲಕ್ಕೆ ಒಪ್ಪಿಕೊಳ್ಳುವುದು ಹೇಗೆ?

"ಆಯ್ತಮ್ಮ, ಮಾಡ್ದೆ. ದಿಬ್ಬದ ಮೇಲೆ ಒಳ್ಳೆ ಹೊತ್ತು ನಿಂತಿದ್ದೆ, ನಾವೂ ನೋಡಿದ್ವಿ. ಅದಿಲ್ದಿದ್ರೆ ಕಷ್ಟ ಇತ್ತು."

ಅಕ್ಕಯಮ್ಮ ಮುಖದ ನೀರು ಒರೆಸಿಕೊಂಡಳು. ಬೋರಣ್ಣನ ಕಡೆ ನೋಡಲಿಲ್ಲ. ತೆಪ್ಪ ದಡಕ್ಕೆ ತಂದು ನಿಲ್ಲಿಸಿದ ಬೋರಣ್ಣ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ದಿಬ್ಬ ಇಲ್ಲ ಪಟೇಲ್ರೆ," ಎಂದ. ಊರಿಗೆಲ್ಲ ಕೇಳುವ ಹಾಗೆ ಹೇಳಿದ. "ಬೇಸಿಗೇಲಿ ಇಟ್ಟಿಗೆಗೆ ಅಗೆದ್ಬಿಟ್ರು. ಬಿಟ್ಟೋನು ನಾನೇ. ಅಕ್ಕಂಗೆ ಹೇಳ್ದೆ ಮುಚ್ಚಿಟ್ಟೋನೂ ನಾನೇ. ತೆಪ್ಪ ಹಿಡ್ಕೊ ಅಂದೆ, ಹಿಡೀಲಿಲ್ಲ. ಅಕ್ಕ ನಿಂತಿದ್ದು ಬರೀ ನೀರಿನ ಮೇಲೆ."

ಗಂಗಾಧರಯ್ಯ ಬೋರಣ್ಣನನ್ನು ನೋಡಿದ, ಕೆರೆಯ ನಡುವನ್ನು ನೋಡಿದ, ಅಕ್ಕಯಮ್ಮನನ್ನು ನೋಡಿದ. ಆಮೇಲೆ, "ಮುಂದಿನ ಸಲ ಕೋಡಿ ಬಿದ್ದಾಗ ದೀಪ ನಿಂದೇ ಕಣಮ್ಮ. ಈಗ ಮೇಲ್ ಬಾ. ಸೀರೆ ಬದಲಾಯ್ಸಿ ಊಟ ಮಾಡು" ಎಂದ.

"ಮುಂದಿನ ಸಲ ಯಾಕೆ?" ಎಂದಳು ಅಕ್ಕಯಮ್ಮ. "ದೀಪ ಈಗ ಉರೀತೈತಲ್ಲ."

"ಮೂರು ಮೈಲಿ ಈಜಿದೀಯ, ನಿನ್ ಕೈ ನೋಡು ಹೆಂಗ್ ನಡುಗ್ತಿದೆ."

"ಕೈ ನಡುಗಿದ್ರೆ ನಡುಗ್ಲಿ. ದೀಪ ಇರೋದು ತಲೆ ಮೇಲೆ."

ಅವಳು ಮೇಲೆ ಬರಲಿಲ್ಲ. ಮೆಟ್ಟಿಲು ಬಿಟ್ಟು ಹಿಂದಕ್ಕೆ ಸರಿದು, ಕತ್ತು ಮಾತ್ರ ಹೊರಗಿಟ್ಟು ಕಾದಳು. ದೀಪ ಕೊಡಲು ಯಾರಾದರೂ ನೀರಿಗಿಳಿಯಬೇಕಿತ್ತು. ಪಟೇಲ ಹಿಂದೆ ಮುಂದೆ ನೋಡಿದ. ಬೋರಣ್ಣ ತನಗೆ ಆ ಯೋಗ್ಯತೆ ಇಲ್ಲವೆಂಬಂತೆ ನಿಂತಿದ್ದ. ಅಷ್ಟರಲ್ಲಿ ಅರಳಿಮರದ ಬುಡದಿಂದ ಚಿಕ್ಕಬೈರಪ್ಪ ಎದ್ದು ಬಂದ. ಕಂಕುಳಲ್ಲಿದ್ದ ಒಣ ಸೀರೆಯನ್ನು ಬಿಚ್ಚಿ, ಅದರ ಸೆರಗಿನ ಕಡೆಯನ್ನು ಹರಿದು ಸುರುಳಿ ಸುತ್ತಿ ಸಿಂಬೆ ಮಾಡಿ ಹೆಗಲ ಮೇಲಿಟ್ಟುಕೊಂಡು, ಮೊರದಿಂದ ದೀಪವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಮೊದಲ ಮೆಟ್ಟಿಲು ಇಳಿದ. ಎರಡನೆಯದು. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಅವನ ದವಡೆ ಕಟಕಟ ಎನ್ನುತ್ತಿತ್ತು. ಕಣ್ಣು ಮಾತ್ರ ಹೆಂಡತಿಯ ಮೇಲಿತ್ತು.

"ಇಲ್ಲಿ ಎಷ್ಟು ಆಳ ಐತಮ್ಮಿ?" ಎಂದ ಮೆಲ್ಲಗೆ.

"ನೆಲ ಕೇಳ್ಬೇಡಿ," ಎಂದಳು ಅಕ್ಕಯಮ್ಮ. "ದೀಪ ನೋಡ್ಕೊಂಡು ಬನ್ನಿ."

ಅವನು ಬಂದ. ಅವಳ ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ದೀಪ ಇಟ್ಟು, ಕೈ ತೆಗೆದ. ಅವಳು ತೂಬಿನ ಕಲ್ಲಿನ ಕಡೆ ತಿರುಗಿದಳು. ದೀಪ ಕಲ್ಲು ಮುಟ್ಟುವ ತನಕ ಚಿಕ್ಕಬೈರಪ್ಪ ಎದೆಮಟ್ಟದ ನೀರಿನಲ್ಲೇ ನಿಂತು ನೋಡುತ್ತಿದ್ದ.